ಲಾ ಶಾಪೆಲ್‌ನಲ್ಲಿ ಐದು ದಿನ: ಪ್ಯಾರಿಸ್‌ನ ಪ್ಯಾರಾ ಬ್ಯಾಡ್ಮಿಂಟನ್ ಪದಕಗಳ ಬೆನ್ನು ಹತ್ತಿ

ಆಗಸ್ಟ್ 28, 2024, ಬುಧವಾರ

ವಿಮಾನ, ವೀಸಾ, ಕೋಣೆಯ ಮಾತು ಇಲ್ಲಿ ಬೇಡ. ವಾಸ ಸ್ಯಾಂ ಲಜಾರ್ ರೈಲು ನಿಲ್ದಾಣದ ಹತ್ತಿರ. ಆ ಜಾಗವನ್ನೇ ಹಿಡಿದಿದ್ದಕ್ಕೆ ಕಾರಣವಿತ್ತು: ಮೆಟ್ರೊದ 12 ಮತ್ತು 14ನೇ ಮಾರ್ಗ ಎರಡೂ ಅಲ್ಲಿ ಹಾದುಹೋಗುತ್ತವೆ. ಅಂಗವಿಕಲರ ಒಲಿಂಪಿಕ್ಸ್ ಆದ ಪ್ಯಾರಾಲಿಂಪಿಕ್ಸ್‌ನ ಪ್ಯಾರಾ ಬ್ಯಾಡ್ಮಿಂಟನ್ ನಡೆಯುವ ಒಳಾಂಗಣ ಕ್ರೀಡಾಂಗಣ ನಗರದ ಉತ್ತರದಂಚಿನ ಪೋರ್ತ್ ದ ಲಾ ಶಾಪೆಲ್‌ನಲ್ಲಿದೆ. 12ನೇ ಮಾರ್ಗ ನೇರವಾಗಿ ಅದರ ಬಾಗಿಲಿಗೇ ಒಯ್ಯುತ್ತದೆ, ಆದರೆ ಮೆಟ್ಟಿಲುಗಳ ಸಹವಾಸ ತಪ್ಪಿದ್ದಲ್ಲ. ಜೊತೆಗಿದ್ದ ಒಬ್ಬರು ಗಾಲಿಕುರ್ಚಿಯಲ್ಲಿ ಓಡಾಡುವವರಾದ್ದರಿಂದ ಲಿಫ್ಟ್ ಇರುವ 14ನೇ ಮಾರ್ಗದಲ್ಲಿ ಪೋರ್ತ್ ದ ಕ್ಲಿಶಿವರೆಗೆ ಹೋಗಿ, ಅಲ್ಲಿ ಟಿ3ಬಿ ಟ್ರಾಮ್ ಹಿಡಿಯುವುದೆಂದಾಯಿತು. ಟ್ರಾಮ್‌ನ ನೆಲ ಪ್ಲಾಟ್‌ಫಾರಂ ಮಟ್ಟಕ್ಕೇ ಇರುವುದರಿಂದ ಕುರ್ಚಿ ಎತ್ತಬೇಕಾಗಿಲ್ಲ. ಕ್ರೀಡಾಕೂಟದ ಅವಧಿಯಲ್ಲಿ ಮೆಟ್ರೊದ ಬಿಡಿ ಟಿಕೆಟ್ 4 ಯೂರೊಗೆ ಏರಿತ್ತು. ವಾರದ ಪಾಸ್ 70 ಯೂರೊ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವವರಿಗೆ ಪಾಸ್‌ನಲ್ಲೇ ಉಳಿತಾಯ.

ಸಂಜೆ ಪ್ಲಾಸ್ ದ ಲಾ ಕೊಂಕೊರ್ದ್‌ನಲ್ಲಿ ಉದ್ಘಾಟನೆ. ನಾವು ಕಂಡದ್ದು ಬೀದಿಯ ಜನಸಂದಣಿಯನ್ನು ಮಾತ್ರ.

ಆಗಸ್ಟ್ 29, ಗುರುವಾರ

ಮೊದಲ ದಿನವೇ ಎಡವಟ್ಟು. ಪೋರ್ತ್ ದ ಕ್ಲಿಶಿಯಲ್ಲಿ ಎದುರಿಗೆ ಬಂದು ನಿಂತ ಟ್ರಾಮ್ ಹತ್ತಿದೆವು. ಅದು ಪಶ್ಚಿಮಕ್ಕೆ, ಪೋರ್ತ್ ದೋಫಿನ್ ಕಡೆಗೆ ಹೊರಟಿತ್ತು. ಬೇಕಿದ್ದದ್ದು ಪೋರ್ತ್ ದ ವಾಂಸೆನ್ ದಿಕ್ಕಿನದು. ಎರಡು ನಿಲ್ದಾಣ ದಾಟಿದ ಮೇಲೆ, ಗಾಲಿಕುರ್ಚಿಯಲ್ಲಿ ಕುಳಿತಿದ್ದ ವಯಸ್ಸಾದ ಫ್ರೆಂಚ್ ಸಹಪ್ರಯಾಣಿಕರೊಬ್ಬರು ನಮ್ಮ ಕೈಯಲ್ಲಿದ್ದ ತ್ರಿವರ್ಣ ಧ್ವಜ ನೋಡಿ, ಬೆರಳಿನಿಂದಲೇ ಹಿಂದಕ್ಕೆ ಹೋಗಿ ಎಂದು ತೋರಿಸಿದರು. ಅವರೂ ಅಲ್ಲೇ ಇಳಿದು ಎದುರಿನ ಟ್ರಾಮ್ ಬರುವವರೆಗೆ ಜೊತೆಗೆ ನಿಂತರು. ಅವರಿಗೆ ಪ್ಯಾರಿಸ್ ಮೆಟ್ರೊ ಎಂದರೆ 14ನೇ ಮಾರ್ಗ ಒಂದೇ. ಉಳಿದದ್ದೆಲ್ಲ ಬಸ್ಸು ಮತ್ತು ಟ್ರಾಮ್. ಇದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ, ಊರಿನ ನಕ್ಷೆ ವಿವರಿಸುವಂತೆ ಹೇಳಿದರು.

ಒಳಗೆ ಹೋದ ಮೇಲೆ ಎರಡನೇ ತಪ್ಪು. ಅಂಕಣದ ಹಿಂಬದಿಯ ಸೀಟುಗಳೇ ಚೆಂದವೆಂದು ಅಲ್ಲಿ ಕುಳಿತೆವು. ಎದುರಿಗೆ ಎಸ್‌ಎಲ್ 3 ವಿಭಾಗದ ಪುರುಷರ ಸಿಂಗಲ್ಸ್. ಅಲ್ಲಿಂದ ನೋಡಿದರೆ ಶಟಲ್ ಎಷ್ಟು ಆಳಕ್ಕೆ ಬೀಳುತ್ತಿದೆ ಎಂಬುದೇ ತಿಳಿಯದು. ಕಾರಣ ಈ ವಿಭಾಗದ ಅಂಕಣದಲ್ಲಿದೆ.

ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ ಆರು ವಿಭಾಗಗಳಿವೆ. ಡಬ್ಲ್ಯುಎಚ್ 1 ಮತ್ತು ಡಬ್ಲ್ಯುಎಚ್ 2 ಗಾಲಿಕುರ್ಚಿಯವು. ಮೊದಲನೆಯದರಲ್ಲಿ ಕಾಲುಗಳ ಜೊತೆಗೆ ಸೊಂಟದ ಮೇಲಿನ ಹತೋಟಿಯೂ ಕುಗ್ಗಿರುತ್ತದೆ, ಎರಡನೆಯದರಲ್ಲಿ ಮುಂಡದ ಬಲ ಬಹುಮಟ್ಟಿಗೆ ಉಳಿದಿರುತ್ತದೆ. ಎಸ್‌ಎಲ್ 3, ಎಸ್‌ಎಲ್ 4 ನಿಂತು ಆಡುವವು, ಊನ ಕಾಲಿನಲ್ಲಿ. 3ರಲ್ಲಿ ಹೆಚ್ಚು, 4ರಲ್ಲಿ ಕಡಿಮೆ. ಎಸ್‌ಯು 5ರಲ್ಲಿ ಊನ ಕೈಯಲ್ಲಿ. ಎಸ್‌ಎಚ್ 6 ಕುಳ್ಳ ದೇಹದವರದು. ಗಾಲಿಕುರ್ಚಿಯವರ ಮತ್ತು ಎಸ್‌ಎಲ್ 3ರ ಸಿಂಗಲ್ಸ್ ನಡೆಯುವುದು ಅರ್ಧ ಅಂಕಣದಲ್ಲಿ. ಅಂಕಣವನ್ನು ಉದ್ದಕ್ಕೆ ಸೀಳಿದಂತೆ. ಅಗಲ ಅರ್ಧವಾಗುತ್ತದೆ, 13.4 ಮೀಟರ್ ಉದ್ದ ಹಾಗೇ ಉಳಿಯುತ್ತದೆ. ಸರ್ವಿಸ್ ಕೂಡ ಓರೆಯಾಗಿ ಹೋಗದೆ ಅದೇ ಪಟ್ಟಿಯಲ್ಲಿ ನೇರಕ್ಕೆ ಹೋಗಬೇಕು. ಎದುರಾಳಿಯನ್ನು ಎಡಕ್ಕೂ ಬಲಕ್ಕೂ ಎಳೆಯುವ ದಾರಿ ಮುಚ್ಚಿಹೋದ ಮೇಲೆ ಉಳಿಯುವುದು ಮುಂದೆ-ಹಿಂದೆ ಮಾತ್ರ: ಕೊನೆಯ ಗೆರೆಗೆ ಕ್ಲಿಯರ್, ಬಲೆಯ ಬುಡಕ್ಕೆ ಡ್ರಾಪ್, ಮತ್ತೆ ಕ್ಲಿಯರ್. ಆದ್ದರಿಂದ ಅರ್ಧ ಅಂಕಣದ ಪಂದ್ಯ ನೋಡಲು ಪಕ್ಕದ ಸೀಟು ಬೇಕು. ಪೂರ್ಣ ಅಂಕಣದ ಎಸ್‌ಎಲ್ 4, ಎಸ್‌ಯು 5 ಪಂದ್ಯಗಳಿಗೆ ಹಿಂಬದಿಯೇ ಸರಿ, ಅಲ್ಲಿಂದ ಕೋನಗಳು ಕಾಣುತ್ತವೆ. ವಿರಾಮದ ಹೊತ್ತಿಗೆ ಸ್ವಯಂಸೇವಕಿಯೊಬ್ಬರನ್ನು ಕೇಳಿಕೊಂಡು ಪಕ್ಕದ ಖಾಲಿ ಸಾಲಿಗೆ ಹೋದೆವು. ಆಟ ಆಗ ಕಂಡಿತು.

ಅಂದು ನಿತೇಶ್ ಕುಮಾರ್ ಎದುರಿಗೆ ಮನೋಜ್ ಸರ್ಕಾರ್. 2021ರ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಇದೇ ವಿಭಾಗದ ಕಂಚು ಗೆದ್ದವರು ಮನೋಜ್. ಮೂರು ಗೇಮ್ ಹಿಡಿಯಿತು: 21-13, 18-21, 21-18, ನಿತೇಶ್‌ಗೆ. ಟೋಕಿಯೊದ ಚಿನ್ನದ ಪ್ರಮೋದ್ ಭಗತ್ ಕೂಟದಲ್ಲೇ ಇರಲಿಲ್ಲ. ಉದ್ದೀಪನ ಮದ್ದು ಪರೀಕ್ಷೆಗೆಂದು ತಾವಿರುವ ಜಾಗ ತಿಳಿಸಬೇಕೆಂಬ ನಿಯಮವನ್ನು ಒಂದು ವರ್ಷದೊಳಗೆ ಮೂರು ಸಲ ತಪ್ಪಿದ್ದಕ್ಕೆ 18 ತಿಂಗಳ ಅಮಾನತು. ಅದೇ ವರ್ಷ ಫೆಬ್ರುವರಿಯಲ್ಲಿ ಪಟ್ಟಾಯದ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿದ್ದ ಆಟಗಾರನ ಜಾಗ ಖಾಲಿ. ಅವರನ್ನು ನೋಡಲೆಂದೇ ಮೂರು ತಿಂಗಳ ಹಿಂದೆ ಟಿಕೆಟ್ ತೆಗೆದಿದ್ದವರಿಗೆ ಅದು ನೋವಿನ ಸಂಗತಿಯೇ.

ಆಗಸ್ಟ್ 30, ಶುಕ್ರವಾರ

ಬೆಳಗಿನ ತಿಂಡಿಗೆ ಪ್ಯಾರಿಸ್‌ನಲ್ಲಿ ಇಡ್ಲಿ ಸಿಗುತ್ತದೆ, ಅದೂ ಕ್ರೀಡಾಂಗಣಕ್ಕೆ ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ. ಪೋರ್ತ್ ದ ಲಾ ಶಾಪೆಲ್‌ನಿಂದ ರ‍್ಯೂ ದ ಲಾ ಶಾಪೆಲ್ ಹಿಡಿದು ದಕ್ಷಿಣಕ್ಕೆ ಇಳಿದರೆ, ಜೋನ್ ಆಫ್ ಆರ್ಕ್ ಹೆಸರಿನ ಚರ್ಚು ದಾಟಿ, ಮಾರ್ಕ್ಸ್ ದೋರ್ಮ್ವಾ ನಿಲ್ದಾಣದ ಆಚೆಗೆ, ಲಾ ಶಾಪೆಲ್ ಮೆಟ್ರೊ ಸೇತುವೆಯ ಕೆಳಗೆ ಶ್ರೀಲಂಕಾ ತಮಿಳರ ಅಂಗಡಿಸಾಲು ಶುರುವಾಗುತ್ತದೆ. ನುಗ್ಗೆಕಾಯಿ, ಕರಿಬೇವು, ಮಲ್ಲಿಗೆ, ಸ್ಟೀಲ್ ಪಾತ್ರೆ, ಹತ್ತಿರದ ರ‍್ಯೂ ಪಜೋಲ್‌ನಲ್ಲಿ ವಿನಾಯಕನ ಗುಡಿ. ಹೋಟೆಲಿನವರೊಬ್ಬರು ನಮ್ಮ ಮುರುಕು ತಮಿಳು ಕೇಳಿ, ‘ಬೆಂಗಳೂರಾ?’ ಎಂದರು. ಸಾಂಬಾರು ತೆಳ್ಳಗಿತ್ತು, ವಡೆ ಗರಿಗರಿಯಾಗಿತ್ತು. ತುಳಸಿಮತಿ ಮುರುಗೇಶನ್, ಮನೀಷಾ ರಾಮದಾಸ್, ನಿತ್ಯಶ್ರೀ ಶಿವನ್: ಮೂವರೂ ತಮಿಳುನಾಡಿನ ಹುಡುಗಿಯರು ಇಲ್ಲೇ ಆಡುತ್ತಿದ್ದಾರೆಂದು ಹೇಳಿದಾಗ ಅವರು ಕಾಗದದ ಚೂರು ತಂದು ಹೆಸರು, ಹೊತ್ತು ಬರೆದುಕೊಂಡರು. ಬ್ಯಾಡ್ಮಿಂಟನ್ ತನ್ನ ಅಂಗಡಿಯಿಂದ ಎರಡು ಕಿಲೊಮೀಟರ್ ದೂರದಲ್ಲಿ ನಡೆಯುತ್ತಿರುವುದು ಅವರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಪೂರ್ತಿ ಗಾಲಿಕುರ್ಚಿ ಪಂದ್ಯಗಳು. ಮೊದಲ ಸಲ ನೋಡುವವರಿಗೆ ಗೊಂದಲ ಹುಟ್ಟಿಸುವುದು ಒಂದು ಗೆರೆ. ಬಲೆಯಿಂದ 1.98 ಮೀಟರ್ ದೂರದ ಚಿಕ್ಕ ಸರ್ವಿಸ್ ಗೆರೆಯ ಮುಂದೆ ಬಿದ್ದದ್ದೆಲ್ಲ ಇಲ್ಲಿ ಔಟ್. ಬಲೆಗೆ ಅಂಟಿದಂತೆ ಬೀಳುವ ಸೊಗಸಾದ ಡ್ರಾಪ್‌ಗೆ ಜನ ಚಪ್ಪಾಳೆ ತಟ್ಟುತ್ತಾರೆ, ಅಂಕ ಎದುರಾಳಿಗೆ ಹೋಗುತ್ತದೆ! ಪ್ರತಿಯೊಬ್ಬರ ಕಡೆ 6.7 ಮೀಟರ್ ಉದ್ದದಲ್ಲಿ 1.98 ಕಳೆದರೆ ಆಡಲು ಉಳಿಯುವುದು 4.72 ಮೀಟರ್. ಬಲೆಯ ಎತ್ತರವೇನೂ ತಗ್ಗುವುದಿಲ್ಲ, ನಡುವೆ ಅದೇ 1.524 ಮೀಟರ್. ಕುಳಿತಲ್ಲಿಂದ ಅದರ ಮೇಲೆ ಹೊಡೆತ ಇಳಿಸುವುದು ಕಷ್ಟ. ಹಾಗಾಗಿ ಆಟವೆಲ್ಲ ಎದುರಾಳಿಯ ತಲೆಯ ಹಿಂದಕ್ಕೆ ಎತ್ತಿ ಕಳಿಸುವುದರ ಮೇಲೆ ನಿಂತಿದೆ. ಹಿಂದಕ್ಕೆ ಹೋದ ಶಟಲ್ ಹಿಡಿಯಲು ಆಟಗಾರ ಒಂದು ಕೈಯಲ್ಲಿ ಗಾಲಿಯನ್ನು ಹಿಂದಕ್ಕೆಳೆದು, ಬೆನ್ನು ಕಮಾನಿನಂತೆ ಬಾಗಿಸಬೇಕು. ಕುರ್ಚಿ ಮಗುಚದಂತೆ ಹಿಂದೆ ಪುಟ್ಟ ಆಸರೆ ಗಾಲಿ ಇರುತ್ತದೆ. ಮುಖ್ಯ ಗಾಲಿಗಳು ಕೆಳಗೆ ಅಗಲಿಸಿ ಮೇಲೆ ಕೂಡಿದಂತೆ ಓರೆಯಾಗಿರುವುದರಿಂದ ತಿರುಗುವುದು ಸಲೀಸು. ಪಾದಗಳನ್ನು ಕಾಲ್ಮಣೆಗೆ ಬಿಗಿದಿರಬೇಕು. ಶಟಲ್ ಮುಟ್ಟುವ ಗಳಿಗೆಯಲ್ಲಿ ಮುಂಡದ ಯಾವುದಾದರೂ ಭಾಗ ಆಸನಕ್ಕೆ ತಾಕಿರಬೇಕು. ಎದ್ದು ಹೊಡೆದರೆ ತಪ್ಪು.

ಚೀನಾದ ಕ್ಯೂ ಝಿಮೊ ಆಡುವುದನ್ನು ನೋಡಿದರೆ ಇವೆಲ್ಲ ನಿಯಮಗಳೆಂದು ಅನಿಸುವುದೇ ಇಲ್ಲ. ಟೋಕಿಯೊದಲ್ಲಿ ಡಬ್ಲ್ಯುಎಚ್ 1 ಸಿಂಗಲ್ಸ್ ಮತ್ತು ಮಾಯ್ ಜಿಯಾನ್‌ಪೆಂಗ್ ಜೊತೆಗಿನ ಡಬಲ್ಸ್ ಎರಡರಲ್ಲೂ ಚಿನ್ನ. ಪ್ಯಾರಿಸ್‌ನಲ್ಲಿ ಮತ್ತೆ ಎರಡೂ. ಎರಡು ಕೂಟ, ನಾಲ್ಕು ಚಿನ್ನ. ಅವರ ಗುಟ್ಟು ಹೊಡೆತಕ್ಕಿಂತ ಗಾಲಿಯಲ್ಲಿದೆ. ಹೊಡೆದ ಮರುಕ್ಷಣ ಕುರ್ಚಿ ಅಂಕಣದ ನಡುವಿಗೆ ವಾಪಸು ಬಂದಿರುತ್ತದೆ. ಬೇರೆಯವರು ಹೊಡೆತ ನೋಡುತ್ತ ಅರೆಗಳಿಗೆ ನಿಂತುಬಿಡುತ್ತಾರೆ, ಆ ಅರೆಗಳಿಗೆಯಲ್ಲೇ ಮುಂದಿನ ಶಟಲ್ ಅವರ ಹಿಂದೆ ಬಿದ್ದಿರುತ್ತದೆ.

ಅದೇ ದಿನ ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಓದಿ, ಉತ್ತರ ಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾಗಿರುವ ಸುಹಾಸ್ ಯತಿರಾಜ್ ಕೊರಿಯಾದ ಶಿನ್ ಕ್ಯುಂಗ್‌ಹ್ವಾನ್ ಎದುರು ಮೊದಲ ಗೇಮನ್ನು 26-24ಕ್ಕೆ ಎಳೆದು ಗೆದ್ದರು, ಎರಡನೆಯದು 21-14. ಹಿಂದಿನ ದಿನ ಇಂಡೊನೇಷ್ಯಾದ ಹಿಕ್ಮತ್ ರಾಮ್ದಾನಿಯನ್ನು 21-7, 21-5ರಿಂದ ಸೋಲಿಸಿದ್ದವರಿಗೆ ಆ 26-24 ಬೇರೆಯೇ ಪರೀಕ್ಷೆ. ಗುಂಪಿನಲ್ಲಿ ಮೊದಲಿಗರಾಗಿ ನೇರ ಸೆಮಿಫೈನಲ್‌ಗೆ. ‘ಸುಹಾಸಣ್ಣಾ, ನಿಧಾನ!’ ಎಂದು ಮೇಲಿನ ಸಾಲಿನಿಂದ ಯಾರೋ ಕೂಗಿದ್ದು ಆ ಗದ್ದಲದಲ್ಲೂ ಕೇಳಿಸಿತು. ಅವರು ಲಂಡನ್‌ನಿಂದ ರೈಲಿನಲ್ಲಿ ಬಂದಿದ್ದ ಚನ್ನರಾಯಪಟ್ಟಣದ ದಂಪತಿ. ಡಬ್ಬಿಯಲ್ಲಿದ್ದ ಕೋಡುಬಳೆ ಸಾಲಿನುದ್ದಕ್ಕೂ ಹಂಚಿಕೆಯಾಯಿತು.

ಆಗಸ್ಟ್ 31, ಶನಿವಾರ

ನಗರದಲ್ಲಿ ಮಳೆ. ಸೇನ್ ನದಿಯ ನೀರು ಕೆಟ್ಟು, ಭಾನುವಾರದ ಪ್ಯಾರಾ ಟ್ರಯಥ್ಲಾನ್ ಸೋಮವಾರಕ್ಕೆ ಹೋಯಿತು. ಒಳಾಂಗಣದವರಿಗೆ ಮಳೆಯ ಚಿಂತೆಯಿಲ್ಲ ಎಂದುಕೊಂಡರೆ ತಪ್ಪು. ಹೊರಗಿನ ಹವೆ ಬದಲಾದಾಗ ಒಳಗಿನ ತಂಪುಯಂತ್ರಗಳ ಬಿರುಸೂ ಬದಲಾಗುತ್ತದೆ, ಗರಿಯ ಶಟಲ್ ಆ ಗಾಳಿಗೆ ತೇಲುತ್ತದೆ. ಗೇಮ್ ಮುಗಿದಾಗ ಅಂಕಣದ ಬದಿ ಬದಲಿಸುವುದು, ಮೂರನೇ ಗೇಮ್‌ನಲ್ಲಿ ಒಬ್ಬರು 11 ಮುಟ್ಟಿದಾಗ ಮತ್ತೊಮ್ಮೆ ಬದಲಿಸುವುದು ಇದಕ್ಕೇ. ಅರ್ಧ ಅಂಕಣದಲ್ಲಿ ಆಟವೆಲ್ಲ ಉದ್ದದ ಲೆಕ್ಕವಾದ್ದರಿಂದ ಬೆನ್ನಹಿಂದಿನ ಗಾಳಿ ಅರ್ಧ ಅಡಿ ಹೆಚ್ಚು ತಳ್ಳಿದರೂ ಕ್ಲಿಯರ್ ಔಟ್.

ಅಂದು ಮಿಶ್ರ ಡಬಲ್ಸ್‌ನ ಲೆಕ್ಕವೂ ಅರ್ಥವಾಯಿತು. ಎಸ್‌ಎಲ್ 3ರಿಂದ ಎಸ್‌ಯು 5ರವರೆಗಿನ ಜೋಡಿಯಲ್ಲಿ ಇಬ್ಬರ ವಿಭಾಗದ ಅಂಕೆ ಕೂಡಿದರೆ 8 ದಾಟಬಾರದು. ನಿತೇಶ್ (3) ಮತ್ತು ತುಳಸಿಮತಿ (5) ಸೇರಿದರೆ 8. ಸುಹಾಸ್ (4), ಪಲಕ್ ಕೊಹ್ಲಿ (4) ಸೇರಿದರೂ 8. ಎಸ್‌ಎಲ್ 4ಕ್ಕೆ ಎಸ್‌ಯು 5 ಕೂಡಿದರೆ 9, ಅದು ಸಲ್ಲದು. ಗಾಲಿಕುರ್ಚಿ ಡಬಲ್ಸ್‌ನಲ್ಲಿ ಮಿತಿ 3. ಇಬ್ಬರೂ ಡಬ್ಲ್ಯುಎಚ್ 2 ಆಗುವಂತಿಲ್ಲ. ಜೋಡಿಯಲ್ಲಿ ಯಾರ ಕಡೆಗೆ ಶಟಲ್ ಹೆಚ್ಚು ಹೋಗುತ್ತದೆ ಎಂದು ಎಣಿಸುತ್ತ ಹೋದರೆ ಪಂದ್ಯ ಅರ್ಥವಾಗುತ್ತದೆ. 3 ಮತ್ತು 5ರ ಜೋಡಿಯಲ್ಲಿ ಎದುರಾಳಿಗಳು ಬಿಡದೆ 3ರವರ ಮೇಲೇ ಹೊಡೆಯುತ್ತಾರೆ. 4 ಮತ್ತು 4ರ ಜೋಡಿಯಲ್ಲಿ ಹಾಗೆ ಆರಿಸಿಕೊಳ್ಳಲು ದುರ್ಬಲ ಕೊಂಡಿ ಇಲ್ಲ. ಇಂಡೊನೇಷ್ಯಾದ ಲಿಯಾನಿ ರಾತ್ರಿ ಒಕ್ಟಿಲಾ ಟೋಕಿಯೊದಲ್ಲಿ ಹರಿ ಸುಸಾಂತೊ ಜೊತೆ, ಪ್ಯಾರಿಸ್‌ನಲ್ಲಿ ಹಿಕ್ಮತ್ ರಾಮ್ದಾನಿ ಜೊತೆ ಚಿನ್ನ ಗೆದ್ದದ್ದು ಎರಡೂ ಸಲ ನಾಲ್ಕು-ನಾಲ್ಕರ ಜೋಡಿಯಲ್ಲಿ.

ಒಕ್ಟಿಲಾ ಪದಕಗಳನ್ನು ಓದುವಾಗ ಇನ್ನೊಂದು ವಿಷಯ ನೆನಪಿಡಬೇಕು. ಟೋಕಿಯೊದಲ್ಲಿ ಅವರಿಗೆ ಎರಡು ಚಿನ್ನ, ಒಂದು ಬೆಳ್ಳಿ. ಪ್ಯಾರಿಸ್‌ನಲ್ಲಿ ಒಂದು ಚಿನ್ನ, ಒಂದು ಬೆಳ್ಳಿ. ಆಟ ಕುಗ್ಗಿತೆಂದಲ್ಲ. ಟೋಕಿಯೊದಲ್ಲಿ ಅವರು ಖಲಿಮತುಸ್ ಸಾದಿಯಾ ಜೊತೆ ಗೆದ್ದ ಮಹಿಳಾ ಡಬಲ್ಸ್ ಸ್ಪರ್ಧೆಯೇ ಪ್ಯಾರಿಸ್‌ನಲ್ಲಿ ಇರಲಿಲ್ಲ. ಅದು ಹೋಗಿ ಮಹಿಳೆಯರ ಎಸ್‌ಎಲ್ 3 ಸಿಂಗಲ್ಸ್, ಎಸ್‌ಎಚ್ 6 ಸಿಂಗಲ್ಸ್, ಎಸ್‌ಎಚ್ 6 ಮಿಶ್ರ ಡಬಲ್ಸ್ ಸೇರಿದವು. 14 ಸ್ಪರ್ಧೆ 16 ಆಯಿತು, 90 ಆಟಗಾರರು 120 ಆದರು. 2019ರಲ್ಲಿ ಬಾಸೆಲ್‌ನಲ್ಲಿ ಎಸ್‌ಎಲ್ 3 ವಿಶ್ವ ಚಾಂಪಿಯನ್ ಆಗಿದ್ದ ಮಾನಸಿ ಜೋಶಿಗೆ ಟೋಕಿಯೊದಲ್ಲಿ ಆ ಸಿಂಗಲ್ಸ್ ಬಾಗಿಲೇ ಇರಲಿಲ್ಲ. ಬಾಗಿಲು ತೆರೆದದ್ದು ಐದು ವರ್ಷದ ಮೇಲೆ, ಪ್ಯಾರಿಸ್‌ನಲ್ಲಿ, ಇಲ್ಲಿ ಅವರು ಗುಂಪು ಹಂತ ದಾಟಲಿಲ್ಲ. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1998ರಲ್ಲಿ, ನೆದರ್ಲೆಂಡ್ಸ್‌ನ ಅಮರ್ಸ್‌ಫೂರ್ಟ್‌ನಲ್ಲಿ. ಪ್ಯಾರಾಲಿಂಪಿಕ್ಸ್‌ಗೆ ಈ ಆಟ ಬಂದದ್ದು 2021ರಲ್ಲಿ. ನಡುವಿನ ವರ್ಷಗಳಲ್ಲಿ ತಮ್ಮ ಅತ್ಯುತ್ತಮ ಆಟ ಆಡಿ ಮುಗಿಸಿದವರಿಗೆ ಈ ಪದಕ ಪಟ್ಟಿಯಲ್ಲಿ ಜಾಗವಿಲ್ಲ. ಇದು ಅನ್ಯಾಯವೆಂದೇ ನಮ್ಮ ಅನಿಸಿಕೆ.

ಸೆಪ್ಟೆಂಬರ್ 1, ಭಾನುವಾರ

ಸೆಮಿಫೈನಲ್‌ಗಳ ದಿನ. ಬಾಗಿಲಲ್ಲಿ ತಪಾಸಣೆಯ ಸಾಲು ಉದ್ದ. ಧ್ವಜದ ಕೋಲು ಒಳಗೆ ಬಿಡಲಿಲ್ಲ, ಬಟ್ಟೆಯನ್ನು ಮಾತ್ರ ಮಡಚಿ ಒಯ್ದೆವು. ಭುಜಕ್ಕೆ ಸುತ್ತಿಕೊಂಡರಾಯಿತು.

ಭಾರತದವರೇ ಎದುರುಬದುರಾದ ಎರಡು ಪಂದ್ಯ. ಎಸ್‌ಎಲ್ 4ರಲ್ಲಿ ಸುಹಾಸ್ 21-17, 21-12ರಿಂದ ಸುಕಾಂತ್ ಕದಂ ಅವರನ್ನು ಸೋಲಿಸಿದರು. ಎಸ್‌ಯು 5ರಲ್ಲಿ ತುಳಸಿಮತಿ 23-21, 21-17ರಿಂದ ಮನೀಷಾರನ್ನು ದಾಟಿದರು. ಎರಡನೆಯದು ಇಡೀ ದಿನದ ಒಳ್ಳೆಯ ಪಂದ್ಯ. ಕೈಯ ಊನವೆಂದರೆ ಬ್ಯಾಡ್ಮಿಂಟನ್‌ಗೆ ಏನು ಕಷ್ಟ, ಆಡುವ ಕೈ ನೆಟ್ಟಗಿದೆಯಲ್ಲ ಎನ್ನುವವರಿದ್ದಾರೆ. ತಲೆಯ ಮೇಲಿನಿಂದ ಸ್ಮ್ಯಾಷ್ ಹೊಡೆಯುವಾಗ ಇನ್ನೊಂದು ಕೈ ಮೇಲೆದ್ದು ತಕ್ಕಡಿಯ ಎದುರು ತಟ್ಟೆಯಂತೆ ದೇಹವನ್ನು ತೂಗುತ್ತದೆ. ಅದು ಏಳದಿದ್ದರೆ ಭುಜ ತಿರುಗುವುದಿಲ್ಲ, ಇಳಿಯುವಾಗ ಹೆಜ್ಜೆ ವಾಲುತ್ತದೆ. ಸರ್ವಿಸ್‌ನಲ್ಲಿ ಶಟಲ್ ಹಿಡಿದು ಬಿಡುವುದೂ ಆ ಕೈಯ ಕೆಲಸವೇ. ತುಳಸಿಮತಿ ವಾಲಿದ ಹೆಜ್ಜೆಯನ್ನೇ ಮುಂದಿನ ಓಟದ ಮೊದಲ ಹೆಜ್ಜೆ ಮಾಡಿಕೊಳ್ಳುತ್ತಾರೆ. ಮನೀಷಾ 2022ರ ವಿಶ್ವ ಚಾಂಪಿಯನ್. ಗೆದ್ದವರೂ ಸೋತವರೂ ಬಲೆಯ ಬಳಿ ತಬ್ಬಿಕೊಂಡಾಗ ತಮಿಳು ಹೋಟೆಲಿನಾತ ನಮ್ಮ ಮುಂದಿನ ಸಾಲಿನಲ್ಲಿ ಎದ್ದು ನಿಂತಿದ್ದರು. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಂದಿದ್ದರಂತೆ.

ಸೆಪ್ಟೆಂಬರ್ 2, ಸೋಮವಾರ

ಹಗಲಲ್ಲೇ ಎಸ್‌ಎಲ್ 3 ಫೈನಲ್. ನಿತೇಶ್ ಎದುರು ಬ್ರಿಟನ್‌ನ ಡೇನಿಯಲ್ ಬೆಥೆಲ್. 2009ರಲ್ಲಿ ವಿಶಾಖಪಟ್ಟಣದಲ್ಲಿ ರೈಲು ಅಪಘಾತದಲ್ಲಿ ಕಾಲಿಗೆ ಪೆಟ್ಟು ಬಿದ್ದ ಮೇಲೆ ಐಐಟಿ ಮಂಡಿ ಸೇರಿ, ಅಲ್ಲಿ ಬ್ಯಾಡ್ಮಿಂಟನ್‌ಗೆ ಅಂಟಿಕೊಂಡವರು ನಿತೇಶ್. ಈ ಮೊದಲು ಬೆಥೆಲ್ ಎದುರು ಅವರು ಒಮ್ಮೆಯೂ ಗೆದ್ದಿರಲಿಲ್ಲ. ಪಕ್ಕದ ಸೀಟು ಹಿಡಿದಿದ್ದೆವು. ನೂರಕ್ಕೂ ಹೆಚ್ಚು ಹೊಡೆತದ ಒಂದು ರ‍್ಯಾಲಿ ನಡೆಯಿತು. ಎಣಿಸಲು ಹೋದವರಿಗೆಲ್ಲ ಲೆಕ್ಕ ತಪ್ಪಿತು. ಬೆಥೆಲ್ ಆಟ ದುಡುಕಿಲ್ಲದ್ದು. ಎದುರಾಳಿ ಬೇಸತ್ತು ಸ್ಮ್ಯಾಷ್‌ಗೆ ಕೈಹಾಕುವವರೆಗೆ ಕಾಯುತ್ತಾರೆ, ಅರ್ಧ ಅಂಕಣದಲ್ಲಿ ಸ್ಮ್ಯಾಷ್ ಹೋಗುವ ದಾರಿ ಮೊದಲೇ ಗೊತ್ತಿರುವುದರಿಂದ ತಡೆದು ಬಲೆಯ ಬುಡಕ್ಕೆ ಇಳಿಸುತ್ತಾರೆ. ನಿತೇಶ್ ಅಂದು ಬೇಸರಗೊಳ್ಳಲಿಲ್ಲ. ಎತ್ತಿ ಕಳಿಸುತ್ತಲೇ ಹೋದರು. 21-14, 18-21. ಮೂರನೆಯದರಲ್ಲಿ 20-20, 21-21. ಕೊನೆಗೆ 23-21. ಒಟ್ಟು ಸುಮಾರು 80 ನಿಮಿಷ. ಬೆಥೆಲ್‌ಗೆ ಟೋಕಿಯೊದಂತೆಯೇ ಬೆಳ್ಳಿ, ಎರಡೂ ಸಲ ಸೋತದ್ದು ಭಾರತದವರಿಗೆ.

ಸಂಜೆ ಒಂದರ ಹಿಂದೊಂದು. ಚೀನಾದ ಯಾಂಗ್ ಕ್ಯುಕ್ಸಿಯಾ 21-17, 21-10ರಿಂದ ತುಳಸಿಮತಿಯನ್ನು ಸೋಲಿಸಿ ಎರಡನೇ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದರು. ಮನೀಷಾ ಡೆನ್ಮಾರ್ಕ್‌ನ ಕ್ಯಾತ್ರಿನ್ ರೋಸೆನ್‌ಗ್ರೆನ್ ಎದುರು 21-12, 21-8ರಿಂದ ಗೆದ್ದು ಕಂಚು ಪಡೆದರು. ನೈಜೀರಿಯಾದ ಮರಿಯಂ ಎನಿಯೊಲಾ ಬೊಲಾಜಿ ಎಸ್‌ಎಲ್ 3ರಲ್ಲಿ ಗೆದ್ದ ಕಂಚು ಈ ಆಟದಲ್ಲಿ ಆಫ್ರಿಕಾ ಖಂಡಕ್ಕೇ ಮೊದಲ ಪ್ಯಾರಾಲಿಂಪಿಕ್ಸ್ ಪದಕ.

ಸುಹಾಸ್ ಎದುರು ಫ್ರಾನ್ಸ್‌ನ ಲೂಕಾ ಮಜೂರ್. ಟೋಕಿಯೊ ಫೈನಲ್‌ನಲ್ಲಿ ಸುಹಾಸ್ ಮೊದಲ ಗೇಮ್ ಗೆದ್ದು 21-15, 17-21, 15-21ರಿಂದ ಸೋತಿದ್ದರು. ಇಲ್ಲಿ ಮಜೂರ್‌ಗೆ ಮನೆಯಂಗಳ. ಕಾಲಿನಿಂದ ನೆಲ ಬಡಿಯುವ ಸದ್ದಿಗೆ ನಮ್ಮ ಸಾಲೇ ನಡುಗುತ್ತಿತ್ತು. 21-9, 21-13, ಗೆದ್ದವರು ಮಜೂರ್. ಸುಹಾಸ್‌ಗೆ ಮತ್ತೆ ಬೆಳ್ಳಿ. ಎಸ್‌ಎಲ್ 4 ಪೂರ್ಣ ಅಂಕಣದ ಆಟ. ಎತ್ತರದ, ಉದ್ದ ಕೈಗಳ ಮಜೂರ್ ನಡುವಿನಿಂದಲೇ ಎರಡೂ ಮೂಲೆ ಮುಟ್ಟುತ್ತಿದ್ದರು, 41ರ ಸುಹಾಸ್ ಪ್ರತಿ ಹೊಡೆತಕ್ಕೂ ಓಡಬೇಕಿತ್ತು. ಟೋಕಿಯೊದಲ್ಲಿ ಪದಕ ಗೆದ್ದ ನಾಲ್ವರು ಭಾರತೀಯರಲ್ಲಿ ಪ್ಯಾರಿಸ್‌ನಲ್ಲೂ ಗೆದ್ದವರು ಅವರೊಬ್ಬರೇ. ಕೋಡುಬಳೆಯ ದಂಪತಿ ತುಂಬ ಹೊತ್ತು ಚಪ್ಪಾಳೆ ನಿಲ್ಲಿಸಲಿಲ್ಲ.

ಪುರುಷರ ಆರು ಸಿಂಗಲ್ಸ್‌ನಲ್ಲಿ ಕ್ಯೂ ಝಿಮೊ, ಜಪಾನಿನ ದಾಯ್ಕಿ ಕಾಜಿವಾರ, ಮಜೂರ್, ಮಲೇಷ್ಯಾದ ಚಿಯಾ ಲೀಕ್ ಹೌ ನಾಲ್ವರೂ ಟೋಕಿಯೊ ಚಿನ್ನ ಉಳಿಸಿಕೊಂಡರು. ಹೊಸ ಹೆಸರು ಬಂದದ್ದು ಎರಡರಲ್ಲಿ ಮಾತ್ರ, ಎರಡೂ ಟೋಕಿಯೊದಲ್ಲಿ ಭಾರತ ಗೆದ್ದವು. ಎಸ್‌ಎಲ್ 3 ಭಗತ್‌ರಿಂದ ನಿತೇಶ್‌ಗೆ ಬಂತು. ಎಸ್‌ಎಚ್ 6 ಕೃಷ್ಣ ನಾಗರ್ ಕೈತಪ್ಪಿ ಫ್ರಾನ್ಸ್‌ನ ಶಾರ್ಲ್ ನೊಆಕ್ಸ್‌ಗೆ ಹೋಯಿತು. ಒಮ್ಮೆ ಒಬ್ಬರು ಮೇಲೇರಿದರೆ ಇಳಿಸುವುದು ಇಷ್ಟು ಕಷ್ಟವಾದ ಆಟದಲ್ಲಿ ಭಾರತದ ಐದು ಪದಕಗಳಲ್ಲಿ ನಾಲ್ಕು ಹೊಸಬರದ್ದು ಎಂಬುದು ಸಣ್ಣ ಮಾತಲ್ಲ.

ಐದನೆಯದು ತಡರಾತ್ರಿ ಬಂತು. ಎಸ್‌ಎಚ್ 6 ಕಂಚಿಗೆ ನಿತ್ಯಶ್ರೀ, ಎದುರು ಇಂಡೊನೇಷ್ಯಾದ ರೀನಾ ಮಾರ್ಲಿನಾ. ಬಲೆ ಅದೇ ಎತ್ತರ, ಅಂಕಣ ಪೂರ್ತಿ. ತಲೆಗಿಂತ ಮೇಲಿರುವ ಬಲೆಯಾಚೆಗೆ ಶಟಲ್ ಬೀಳುವ ಜಾಗವನ್ನು ಜಾಲರಿಯ ಕಣ್ಣುಗಳ ಮೂಲಕವೇ ನೋಡಿ ಆಡಬೇಕು. 21-14, 21-6. ಹೊರಗೆ ಬಂದಾಗ ಟ್ರಾಮ್ ಕಿಕ್ಕಿರಿದಿತ್ತು. ಎರಡು ಟ್ರಾಮ್ ಬಿಟ್ಟು ಮೂರನೆಯದಕ್ಕೆ ಕುರ್ಚಿಗೆ ಜಾಗ ಸಿಕ್ಕಿತು. ಅಷ್ಟರಲ್ಲಿ ಹೋಟೆಲಿನಾತ ಓಡಿ ಬಂದು, ನಾಳೆ ಬೆಳಿಗ್ಗೆ ವಿಮಾನಕ್ಕೆ ಮುಂಚೆ ಬನ್ನಿ, ಪೊಂಗಲ್ ಮಾಡಿಸುತ್ತೇನೆ ಎಂದರು.